ಅಳತೆಗೋಲು ಯಾವ ಭಾಷೆಯದು?



ಮಕ್ಕಳ ಬೆಳವಣಿಗೆಯ ತಪಾಸಣೆಯೆಂಬುದು ಕನ್ನಡ ಸಂಘದ ವೇದಿಕೆಗೆ ಹೊರತಾದ ವಿಷಯವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಹೊರತಲ್ಲವೆನ್ನಲು ವಿ. ವಿ. ಕಾಮತರ ಹೆಸರೊಂದೇ ಸಾಕು. ಫ್ರಾನ್ಸಿನಲ್ಲಿ 1905ರಲ್ಲಿ ರೂಪುಗೊಂಡ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಒಗ್ಗಿಸಿ, ಅದರ ವಿವರಗಳನ್ನು 1934ರಲ್ಲಿ ಪ್ರಕಟಿಸಿದವರು ಅವರು. ಗಡಿ ವಿವಾದದಲ್ಲಿ ಎದುರುಬದುರಾದ ಈ ಎರಡು ನುಡಿಗಳ ಮಕ್ಕಳು ಕಾಮತರ ಕೆಲಸದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ!

ಬಿನೆ-ಕಾಮತ್ ಪರೀಕ್ಷೆ ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಂದಿನ ಹಡಪಸರದ ಮಗುವನ್ನು ಅಂದಿನ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಅಳೆದಾಗ ಬರುವ ಅಂಕಿಯನ್ನು ಎಷ್ಟು ನಂಬಬೇಕು? ಸ್ವಲ್ಪ ನಂಬಬೇಕು, ಪೂರ್ತಿಯಾಗಿ ಅಲ್ಲ.

ಬೆಳವಣಿಗೆಯೇ ಏಕರೂಪದ್ದಲ್ಲ. ಭಾರತವೂ ಸೇರಿದಂತೆ 5 ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಮಗು ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿಕೊಂಡಿದೆ. ಮಾತಿನ ವಿಷಯವಂತೂ ಇನ್ನೂ ಜಟಿಲ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯು, 5 ವರ್ಷದೊಳಗಿನ ಮಗುವಿನ ತೊಂದರೆಯ ತೀವ್ರತೆಯನ್ನು ನೆಚ್ಚುವಂತೆ ಅಳೆಯಲಾಗದಾಗ 'ಸಮಗ್ರ ಬೆಳವಣಿಗೆಯ ವಿಳಂಬ' ಎಂದು ಬರೆದು, ಮುಂದೆ ಪುನಃ ಪರೀಕ್ಷಿಸಬೇಕೆನ್ನುತ್ತದೆ. ಈ 'ವಿಳಂಬ'ವನ್ನು ಕೆಲವು ತಂದೆತಾಯಿಗಳು ಕೊನೆಯ ತೀರ್ಪೆಂದು ತಿಳಿದು ಕುಸಿಯುತ್ತಾರೆ. ಕೆಲವರು ತಡವಾದದ್ದು ತಾನಾಗಿ ಬಂದೀತೆಂದು ಸುಮ್ಮನಾಗುತ್ತಾರೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ.

ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬವೊಂದರ ಮೂರೂವರೆ ವರ್ಷದ ಹುಡುಗನನ್ನು ನಾನು ಪರೀಕ್ಷಿಸಿದೆ. ಚಿತ್ರ ತೋರಿಸಿ "ಹೇ ಕಾಯ್ ಆಹೇ?" ಎಂದರೆ ಮೌನ. ಅಜ್ಜಿ ಕನ್ನಡದಲ್ಲಿ ಕೇಳಿದೊಡನೆ ಆರು ಚಿತ್ರಗಳ ಹೆಸರು ಹೇಳಿದ. ಅಲ್ಲಿಗೆ ಸಮಸ್ಯೆ ಮುಗಿಯಿತೆಂದು ತಾವು ಭಾವಿಸಬಾರದು. ಅವನು ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತಿರಲಿಲ್ಲ, ಕರೆದರೆ ತಿರುಗಿ ನೋಡುವುದೂ ಅಪರೂಪವಾಗಿತ್ತು. ಕಿವಿಯ ಪರೀಕ್ಷೆ ಸರಿಯಾಗಿಯೇ ಬಂತು. "ಐತೋ ಇಲ್ಲೋ, ಒಂದು ಹೇಳಿಬಿಡ್ರಿ ಅಕ್ಕಾರ" ಎಂದರು ತಂದೆ. ಈಗಲೇ ಹೇಳಲಾಗದು, ಆರು ತಿಂಗಳ ನಂತರ ಮತ್ತೆ ನೋಡೋಣ, ತರಬೇತಿಯನ್ನು ಮಾತ್ರ ನಾಳೆಯಿಂದಲೇ ಆರಂಭಿಸೋಣ ಎಂದೆ. ಹೆಸರು ಖಚಿತವಾಗುವವರೆಗೆ ನೆರವು ಕಾಯಬೇಕಾಗಿಲ್ಲ.

ಆದರೆ "ಮನೆಯಲ್ಲಿ ಕನ್ನಡ ನಿಲ್ಲಿಸಿ" ಎಂಬ ಸಲಹೆ ಈ ಊರಿನಲ್ಲಿ ಇನ್ನೂ ಚಲಾವಣೆಯಲ್ಲಿದೆ. ಎರಡು ಭಾಷೆಗಳಿಂದ ಬೆಳವಣಿಗೆ ಕುಂಠಿತವಾಗುತ್ತದೆಂಬುದಕ್ಕೆ ಆಧಾರವಿಲ್ಲ. ಎರಡರಲ್ಲಿಯೂ ಬಲ್ಲ ಪದಗಳನ್ನು ಕೂಡಿಸಿ ಎಣಿಸಬೇಕು. ಅಜ್ಜಿಯ ಮಾತನ್ನು ನಿಲ್ಲಿಸಿದರೆ ಆ ಹುಡುಗನಿಗೆ ಇದ್ದ ಒಂದು ಬಾಗಿಲೂ ಮುಚ್ಚುತ್ತಿತ್ತು.

ಸಂಘದಲ್ಲಿ ನನ್ನ ವಿನಂತಿ ಇಷ್ಟೇ: ತಪಾಸಣೆಯ ದಿನ ಇಂತಹ ಕುಟುಂಬಗಳೊಡನೆ ಹೋಗಬಲ್ಲ, ಕನ್ನಡ-ಮರಾಠಿ ಎರಡನ್ನೂ ಬಲ್ಲ ಸ್ವಯಂಸೇವಕರ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಮಗು ಮನೆಯಲ್ಲಿ ಆಡುವ ಮಾತುಗಳನ್ನು ತಂದೆತಾಯಿಗಳಿಂದ ಮೊದಲೇ ಬರೆಯಿಸಿಕೊಳ್ಳುವ ಕೆಲಸವನ್ನೂ ಅವರೇ ಮಾಡಬಹುದು. ಕಾರ್ಯದರ್ಶಿಗಳು ದಯವಿಟ್ಟು ಇದನ್ನು ಮುಂದಿನ ಸಭೆಯ ವಿಷಯಸೂಚಿಯಲ್ಲಿ ಸೇರಿಸಬೇಕು.