ಹಿರಿಯ ಸಾಹಿತ್ಯದ ಹಿರಿಮೆ ಎಲ್ಲಿದೆ?

(ತಂಬ್ರಹಳ್ಳಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಯ ವಿದ್ಯಾರ್ಥಿಯೊಬ್ಬನು ನಮಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾನೆ. ಹಿರಿಯ ಸಾಹಿತ್ಯವನ್ನು ಹಿರಿದನ್ನಾಗಿ ಮಾಡುವುದು ಯಾವುದು? ನಮ್ಮಂಥ ಹಳ್ಳಿಯವರ ಮಾತಿನಲ್ಲಿ ಅದು ಹುಟ್ಟಬಲ್ಲುದೆ? ಮೊದಲನೆಯದು ಪಂಡಿತರೂ ಕೇಳುವ ಪ್ರಶ್ನೆ. ಎರಡನೆಯದರಲ್ಲಿ ಒಂದು ಅಳುಕಿದೆ. ಆ ಅಳುಕನ್ನು ಕಳೆಯದೆ ಮೊದಲನೆಯದಕ್ಕೆ ಉತ್ತರ ಹೇಳಿ ಪ್ರಯೋಜನವಿಲ್ಲ.

ಉತ್ತರವನ್ನು ಅರಸಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಹಂಪೆಯು ನಮ್ಮ ನೆರೆಯಲ್ಲಿಯೇ ಇದೆ. ವಿಜಯನಗರದ ಸಾಮ್ರಾಜ್ಯವು ತಲೆಯೆತ್ತುವುದಕ್ಕೆ ಬಹು ಮೊದಲೇ ಅಲ್ಲಿ ಹರಿಹರ ಕವಿಯಿದ್ದನು. ಹೊಯ್ಸಳ ಅರಸನಲ್ಲಿ ಕರಣಿಕನಾಗಿದ್ದವನು ಆ ಕೆಲಸವನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪರಂಪರೆಯು ಹೇಳುತ್ತದೆ. ಚಂಪುವಿನಲ್ಲಿ 'ಗಿರಿಜಾಕಲ್ಯಾಣ'ವನ್ನು ರಚಿಸಿದವನಿಗೆ ಪಾಂಡಿತ್ಯದ ಕೊರತೆಯಿರಲಿಲ್ಲ. ಆದರೂ ಶರಣರ ಕಥೆಯನ್ನು ಹೇಳುವಾಗ ಅವನು ಸರಳವಾಗಿ ಹರಿಯುವ ರಗಳೆಯನ್ನು ಆರಿಸಿಕೊಂಡನು. ಅವನ ಕುಂಬಾರ ಗುಂಡಯ್ಯನು ಮಡಕೆಯನ್ನು ಬಾರಿಸಿದರೆ ಶಿವನು ಆ ತಾಳಕ್ಕೆ ಕುಣಿಯುತ್ತಾನೆ. ಮಡಕೆಯ ಸದ್ದನ್ನು ಕುಂಬಾರಗೇರಿಯಲ್ಲಿ ಯಾರು ಕೇಳಿಲ್ಲ? ಎಲ್ಲರೂ ಕೇಳಿದ ಸದ್ದಿನಲ್ಲಿ ಯಾರೂ ಕಾಣದ ಕುಣಿತವನ್ನು ಕಂಡುದೇ ಕವಿಯ ಹಿರಿಮೆ.

ಹಾಗಾದರೆ ಅರಸರ ಕಥೆಯು ಹಿರಿದಲ್ಲವೆ ಎಂದು ಕೇಳಬಹುದು. ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಅರಸನಾದ ಹರಿಶ್ಚಂದ್ರನನ್ನೇ ಹಾಡಿದನು. ನರಸ್ತುತಿಯೆಂದು ಗುರುವು ಮುನಿದನೆಂಬ ಐತಿಹ್ಯವೂ ಉಂಟು. ಆದರೆ ಆ ಕಾವ್ಯದಲ್ಲಿ ನಮ್ಮ ಎದೆಯನ್ನು ಹಿಡಿಯುವುದು ಸಿಂಹಾಸನವಲ್ಲ, ಸುಡುಗಾಡು. ಸತ್ತ ಮಗನನ್ನು ಹೊತ್ತು ಬಂದ ಮಡದಿಯಿಂದಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಬೇಡಬೇಕಾದಾಗ ಹರಿಶ್ಚಂದ್ರನ ಸತ್ಯವು ಪರೀಕ್ಷೆಗೆ ನಿಲ್ಲುತ್ತದೆ. ವಸ್ತುವು ಕುಂಬಾರನಿರಲಿ, ಚಕ್ರವರ್ತಿಯಿರಲಿ, ಅದನ್ನು ಒರೆಗಲ್ಲಿಗೆ ಹಚ್ಚಿ ನೋಡುವ ಧೈರ್ಯವು ಬರೆಯುವವನಿಗೆ ಬೇಕು.

ನ್ಯಾಯಸ್ಥಾನದಲ್ಲಿ ನಾವು ನಿತ್ಯವೂ ಇದನ್ನೇ ಕಾಣುತ್ತೇವೆ. ಹೇಳಿಕೊಟ್ಟ ಸಾಕ್ಷಿಯ ಮಾತು ನಯವಾಗಿರುತ್ತದೆ, ಪಾಟೀಸವಾಲಿಗೆ ನಿಲ್ಲುವುದಿಲ್ಲ. ಕಣ್ಣಾರೆ ಕಂಡವನು ತೊದಲಿದರೂ ಅವನ ಮಾತು ನಿಲ್ಲುತ್ತದೆ. ಸಾಹಿತ್ಯಕ್ಕೆ ಕಾಲವೇ ಪಾಟೀಸವಾಲು.

ಇನ್ನು ಹಳ್ಳಿಯ ಮಾತಿನ ವಿಷಯ. ಹಡಗಲಿ ಸೀಮೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕವನ್ನು ನುಡಿಯುವುದನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನೆರೆದ ಜನಸ್ತೋಮವೆಲ್ಲ ಉಸಿರು ಬಿಗಿಹಿಡಿದು ಒಂದೇ ಒಂದು ವಾಕ್ಯಕ್ಕಾಗಿ ಕಾಯುತ್ತದೆ. ಅದು ಒಕ್ಕಲಿಗನ ನುಡಿಯೇ. ಆದರೆ ರೈತನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವರ್ತಕನು ಧಾರಣೆಯನ್ನು, ರಾಜಕಾರಣಿಯು ರಾಜ್ಯದ ಆಗುಹೋಗುಗಳನ್ನು. ಮಿತವಾದ ಮಾತಿನಲ್ಲಿ ಅಮಿತವಾದ ಅರ್ಥವನ್ನು ತುಂಬಲು ನಮ್ಮ ಹಳ್ಳಿಯ ಕನ್ನಡಕ್ಕೆ ಬಾರದೆಂದು ಯಾರು ಹೇಳಿಯಾರು?

ಇಂಥ ನುಡಿಯು ಒಂದು ಸೀಮೆಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ. ಹಂಪೆಯ ರಾಘವಾಂಕನು ಷಟ್ಪದಿಯನ್ನು ದೊಡ್ಡ ಕಾವ್ಯಕ್ಕೆ ತಕ್ಕ ವಾಹನವನ್ನಾಗಿ ಮಾಡಿದನು. ಗದುಗಿನ ಕುಮಾರವ್ಯಾಸನು ಅದೇ ಷಟ್ಪದಿಯ ಇನ್ನೊಂದು ಬಗೆಯಲ್ಲಿ ಭಾರತವನ್ನು ಹಾಡಿದನು. ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನು ಷಟ್ಪದಿಯಲ್ಲಿಯೇ ಜೈಮಿನಿಯನ್ನು ರಚಿಸಿದನು. ಆಂಗ್ಲರ ಆಳಿಕೆಯಲ್ಲಿ ಹಂಪೆಯು ಮದರಾಸಿಗೆ, ಗದಗು ಮುಂಬಯಿಗೆ, ದೇವನೂರು ಮೈಸೂರಿಗೆ ಸೇರಿದ್ದವು. ಸರಕಾರಗಳು ಮೂರಾದರೂ ಛಂದಸ್ಸು ಒಂದೇ ಆಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯು ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಭೂಪಟವನ್ನು ಬರೆದವರಿಗಿಂತ ಬಹು ಮೊದಲೇ ಕವಿಗಳು ಆ ಕೆಲಸವನ್ನು ಮಾಡಿ ಮುಗಿಸಿದ್ದರು.

ಆದರೆ ಏಕೀಕರಣವೆಂದರೆ ಎಲ್ಲರೂ ಒಂದೇ ಊರಿನ ಕನ್ನಡವನ್ನು ಬರೆಯುವುದಲ್ಲ. ಒಂದೊಂದು ಸೀಮೆಯೂ ತನ್ನ ನುಡಿಯನ್ನು ತಂದು ನಾಡಿನ ಭಂಡಾರಕ್ಕೆ ಸಲ್ಲಿಸಬೇಕು. ತನ್ನ ಮನೆಯ ಮಾತಿಗೆ ನಾಚಿ ಪರರ ಮಾತನ್ನು ಎರವಲು ತಂದು ಬರೆಯುವ ಹುಡುಗನು ಭಂಡಾರಕ್ಕೆ ಅಲ್ಲಿಯೇ ಇದ್ದ ನಾಣ್ಯವನ್ನು ಮರಳಿ ಹಾಕಿದಂತಾಯಿತು.

ಏನನ್ನು ಬರೆಯಬೇಕೆಂದು ಕೇಳುವಿರಾ? ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಈ ಸೀಮೆಯ ಎಷ್ಟೋ ಹಳ್ಳಿಗಳು ನೀರಿನ ಪಾಲಾದವು. ಹರಪನಹಳ್ಳಿ ಭೀಮವ್ವನ ತವರಾದ ನಾರಾಯಣದೇವರಕೆರೆಯೂ ಅವುಗಳಲ್ಲೊಂದು. ಹೊಲಗಳಿಗೆ ನೀರು ಬಂದಿತು. ಅದನ್ನು ನಾವು ಮರೆಯಲಾಗದು. ಆದರೆ ಹೊಸ್ತಿಲಿಗೆ ಕಡೆಯ ಸಲ ಕೈಮುಗಿದು ಊರು ಬಿಟ್ಟ ತಾಯಂದಿರ ಮಾತನ್ನು ಯಾರು ಬರೆದಿಟ್ಟರು? ಅದನ್ನು ಕೇಳಿ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಮಿತ್ರರೇ, ಇಂದು ಸಂಜೆಯೇ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅದು ಹಿರಿಯ ಸಾಹಿತ್ಯವಾಗುವುದೋ ಇಲ್ಲವೋ ಕಾಲವು ಹೇಳಲಿ. ಬರೆಯದೆ ಬಿಟ್ಟುದು ಎಂದಿಗೂ ಆಗಲಾರದು.