ಅಂತರ್ಜಾಲದ ಕುಕೀ: ನಮಗೆ ತಿಳಿದಿರಲಿ



ಕೆಲವು ಜಾಲತಾಣ ತೆರೆದ ಕೂಡಲೇ ‘ಕುಕೀ ಒಪ್ಪುತ್ತೀರಾ?’ ಅಂತ ಕೇಳುತ್ತದೆ. ಹೆಚ್ಚಿನವರು ಓದದೆಯೇ ಒಪ್ಪಿಗೆ ಒತ್ತಿಬಿಡುತ್ತಾರೆ. ಏನಿದು ಕುಕೀ?

ಜಾಲತಾಣವು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಚಿಕ್ಕ ಗುರುತಿನ ಚೀಟಿ ಇದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ರೂಪಿಸಿದರು. ಲಾಗಿನ್ ಆದವರು ಯಾರು, ಖರೀದಿಗೆ ಏನೇನು ಆರಿಸಿದ್ದಾರೆ ಎಂದು ನೆನಪಿಡಲು ಇದು ಬೇಕು. ಆದರೆ ಜಾಹೀರಾತು ಕಂಪನಿಗಳೂ ಅದೇ ಪುಟದ ಮೂಲಕ ತಮ್ಮ ಚೀಟಿ ಇಡುತ್ತವೆ. ನಾವು ಬೇರೆ ತಾಣಕ್ಕೆ ಹೋದಾಗ ಅಲ್ಲಿಯೂ ಅದೇ ಕಂಪನಿಯ ಜಾಹೀರಾತು ಇದ್ದರೆ, ಆ ಚೀಟಿ ನೋಡಿ ನಮ್ಮ ಗುರುತು ಹಿಡಿಯಬಹುದು. ಕಾಯಿಲೆ, ಸಾಲ, ಹೆರಿಗೆ ಅಂತ ಮನೆಯವರಿಗೂ ಹೇಳದೆ ನಾವು ಹುಡುಕಿದ್ದು ಹೀಗೆ ವ್ಯಾಪಾರದ ಸರಕಾಗುತ್ತದೆ.

ಸೈಬರ್ ಸೆಂಟರಿನಲ್ಲಿ ಇನ್ನೂ ಎಚ್ಚರ ಬೇಕು. ಲಾಗ್ ಔಟ್ ಆಗದೆ ಎದ್ದು ಬಂದರೆ ಚೀಟಿ ಅಲ್ಲೇ ಉಳಿಯಬಹುದು. ನಮ್ಮ ನಂತರ ಕುಳಿತವರಿಗೆ ಪಾಸ್‌ವರ್ಡ್ ಇಲ್ಲದೆಯೇ ನಮ್ಮ ಖಾತೆ ತೆರೆದುಕೊಂಡೀತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಹಕ್ಕು ಕಾಗದದಲ್ಲಿದ್ದರೆ ಸಾಲದು ನೋಡಿ, ನಾವು ಅದನ್ನು ಬಳಸಬೇಕು.

ಆದ್ದರಿಂದ ಅನಗತ್ಯ ಕುಕೀಗಳಿಗೆ ಬೇಡ ಎನ್ನೋಣ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು ತಡೆಯೋಣ. ಕೆಲಸ ಮುಗಿದ ಮೇಲೆ ಲಾಗ್ ಔಟ್ ಆಗಿಯೇ ಏಳೋಣ. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಒಬ್ಬರಿಗೊಬ್ಬರು ಮಾಡಿ ತೋರಿಸೋಣ.