ಹಳೆಯ ಕಾರಿನ ಹೋಸು, ಆಕಾಶದ ಕೊಡೆ



ಹಳೆಯ ಕಾರಿನ ಏ.ಸಿ. ತಂಪು ಕೊಡದಿದ್ದರೆ ಮಾಲೀಕರು ಸಾಮಾನ್ಯವಾಗಿ ಆಡುವ ಮಾತು ಒಂದೇ: “ಗ್ಯಾಸ್ ಖಾಲಿಯಾಗಿದೆ, ತುಂಬಿಸಿಕೊಡಿ.” ಆದರೆ ಈ ಅನಿಲವು ಪೆಟ್ರೋಲಿನಂತೆ ಉರಿದು ಮುಗಿಯುವಂಥದಲ್ಲ, ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವಂಥದು. ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ. ಸೋರಿದ್ದು ಗಾಳಿಯನ್ನು ಸೇರಿದೆ. ಸೋರಿಕೆಯನ್ನು ಮುಚ್ಚದೆ ವರ್ಷವರ್ಷವೂ ಗ್ಯಾಸ್ ತುಂಬಿಸುವುದು ತೂತು ಕೊಡದಲ್ಲಿ ನೀರು ಹೊತ್ತಂತೆ.

ಇದರ ಹಾನಿ ಗ್ಯಾರೇಜಿನಲ್ಲಿಯೇ ಉಳಿಯುವುದಿಲ್ಲ. ಹಳೆಯ ಕಾರುಗಳಲ್ಲಿ ಬಳಸುತ್ತಿದ್ದ ಆರ್-12 ಎಂಬ ಅನಿಲವು ಕ್ಲೋರೋಫ್ಲೋರೋಕಾರ್ಬನ್ ಗುಂಪಿಗೆ ಸೇರಿದುದು. ಈ ಗುಂಪಿನ ಅನಿಲಗಳು ಓಝೋನ್ ಪದರವನ್ನು ನಾಶಮಾಡಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಆ ಪದರವು ತೀರ ತೆಳುವಾಗುತ್ತಿರುವ ವರದಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು. 1992ರಲ್ಲಿ ಭಾರತವೂ ಅದನ್ನು ಸೇರಿತು.

ಆರ್-12ರ ಸ್ಥಾನಕ್ಕೆ ಬಂದ ಆರ್-134ಎ ಓಝೋನನ್ನು ಕೆಡಿಸದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಅರ್ಧ ಕಿಲೋ ಸೋರಿತೆಂದರೆ ಸುಮಾರು 300 ಲೀಟರ್ ಪೆಟ್ರೋಲ್ ಉರಿಸಿದುದಕ್ಕೆ ಸಮ. ಆದುದರಿಂದಲೇ 2016ರ ಕಿಗಾಲಿ ತಿದ್ದುಪಡಿಯು ಇಂಥ ಅನಿಲಗಳ ಕಡಿತಕ್ಕೂ ದಾರಿ ಮಾಡಿತು.

ಸೋರಿಕೆ ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಹೋಸು ಒಂದು. ಎಂಜಿನ್ ಸದಾ ಅಲುಗುವುದರಿಂದ ಅದಕ್ಕೆ ಜೋಡಿಸಿದ ಕೊಳವೆ ಬಳುಕುವ ರಬ್ಬರಿನದೇ ಆಗಬೇಕು. ಬಿಸಿಗೂ ಕುಲುಕಾಟಕ್ಕೂ ಆ ರಬ್ಬರು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತದೆ. ಲೋಹದ ತುದಿ ಸೇರುವಲ್ಲಿ ಎಣ್ಣೆಜಿಡ್ಡಿಗೆ ಧೂಳು ಮೆತ್ತಿದ್ದರೆ ಅದು ಸೋರಿಕೆಯ ಗುರುತು.

ಹಳೆಯ ಕಾರಿಗೆ ಸಿದ್ಧ ಹೋಸು ಸಿಗದಿದ್ದರೂ ಹೊಸದನ್ನು ಮಾಡಿಸಬಹುದು. ಮೊದಲು ಉಳಿದ ಅನಿಲವನ್ನು ಗಾಳಿಗೆ ಬಿಡದೆ, ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಎರಡು ತುದಿಗಳೂ ಯಾವ ಕೋನದಲ್ಲಿವೆಯೆಂದು ಗುರುತು ಹಾಕಿ, ಹಿಡಿಬಳೆಯನ್ನು ಉದ್ದಕ್ಕೆ ಕೊಯ್ದು, ಒಳಗಿನ ಲೋಹಕ್ಕೆ ಗೀರು ಬೀಳದಂತೆ ಬಿಡಿಸಬೇಕು. ಹೊಸ ಹೋಸು ಒಳಗೆ ನೈಲಾನ್ ಪದರವಿರುವ, ಏ.ಸಿ.ಗೆಂದೇ ತಯಾರಾದ ಜಾತಿಯದಾಗಿರಬೇಕು. ಆರ್-134ಎ ಹಳೆಯ ಬಗೆಯ ಬರಿಯ ರಬ್ಬರಿನ ಮೂಲಕವೂ ಮೆಲ್ಲಗೆ ನುಸುಳಿಹೋಗುತ್ತದೆ. ನೀರಿನ ಅಥವಾ ಪೆಟ್ರೋಲಿನ ಹೋಸು, ತಿರುಪಿನ ಕ್ಲಿಪ್ಪು ಇಲ್ಲಿ ಸಲ್ಲವು. ಹೋಸನ್ನು ನೇರವಾಗಿ ಕತ್ತರಿಸಿ, ಹೊಸ ಬಳೆಯನ್ನು ಯಂತ್ರದಿಂದ ಸುತ್ತಲೂ ಸಮನಾಗಿ ಒತ್ತಿಸಬೇಕು. ರಬ್ಬರ್ ಉಂಗುರಗಳನ್ನೂ ಬದಲಿಸಬೇಕು.

ಬಳಿಕ ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನು ನೊರೆ ಹಚ್ಚಿ ಪರೀಕ್ಷಿಸಬೇಕು. ಗುಳ್ಳೆ ಏಳದಿದ್ದರೆ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಹೊರಗೆಳೆದು, ಅನಿಲವನ್ನು ತೂಗಿ ತುಂಬಬೇಕು. ಎರಡು ಬಗೆಯ ಅನಿಲಗಳನ್ನು ಎಂದಿಗೂ ಬೆರೆಸಬಾರದು. ಅನಿಲ ಚಿಮ್ಮಿದರೆ ಕಣ್ಣು, ಚರ್ಮ ಹೆಪ್ಪುಗಟ್ಟಬಹುದಾದುದರಿಂದ ಈ ಕೆಲಸವನ್ನು ತರಬೇತಾದವರೇ ಮಾಡುವುದು ಕ್ಷೇಮ.

ಮಿತ್ರರೇ, ಕಾಡನ್ನು ಉಳಿಸಲು ಕೊಡಲಿ ತಡೆಯುವವರಂತೆಯೇ, ಗ್ಯಾರೇಜಿನಲ್ಲಿ ಒಂದು ಬಳೆಯನ್ನು ಸರಿಯಾಗಿ ಒತ್ತುವವರೂ ಪರಿಸರ ಕಾಯುವವರೇ. ಮುಂದಿನ ಸಲ “ಗ್ಯಾಸ್ ತುಂಬಿಸಿ” ಎನ್ನುವ ಮೊದಲು “ಸೋರುತ್ತಿರುವುದು ಎಲ್ಲಿ?” ಎಂದು ಕೇಳಿರಿ.